ಮೈಕ್ರೋಪ್ರೊಸೆಸರ್ ಚಿಪ್ ಎತ್ತ ಹೋಗುತ್ತಿದೆ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಯಿಂದ ಕೆಟ್ಟ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು, ಹೊಸದು ಕೊಳ್ಳುವ ಮುಂಚೆ ಸಲಹೆ ಕೇಳುವವರು, ಪ್ಲಸ್ ಟು ಮುಗಿಸಿ ಮುಂದೆ ಎಂತ ಕಲಿಯುವುದು ಅಂತ ಯೋಚಿಸುವ ಮಕ್ಕಳು. ಇವರೆಲ್ಲ ಕೇಳುವ ಪ್ರಶ್ನೆಗಳು ಬೇರೆ ಬೇರೆ. ಆದರೆ ಹೆಚ್ಚಿನವಕ್ಕೆ ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಬಂದು ಮುಟ್ಟುವುದು ಒಂದೇ ಜಾಗಕ್ಕೆ: ಬಿಸಿ. ಕಂಪ್ಯೂಟರಿನ, ಫೋನಿನ ಒಳಗೆ ಲೆಕ್ಕ ಮಾಡುವ ಭಾಗವೇ ಮೈಕ್ರೋಪ್ರೊಸೆಸರ್ ಚಿಪ್; ಆ ಚಿಪ್ಪಿನ ವೇಗವನ್ನು ಈಗ ತೀರ್ಮಾನ ಮಾಡುವುದು ಅದರಿಂದ ಎಷ್ಟು ಬಿಸಿಯನ್ನು ಹೊರಗೆ ಹಾಕಬಹುದು ಅನ್ನುವ ಲೆಕ್ಕ. ಡಬ್ಬದ ಮೇಲೆ ಹಾಕಿದ ದೊಡ್ಡ ನಂಬರ್ ಅಲ್ಲ.

ಇಪ್ಪತ್ತು ವರ್ಷದ ಹಿಂದೆಯೂ 3 ಗಿಗಾಹರ್ಟ್ಸ್ ಇತ್ತು, ಈಗಲೂ 3, 4 ಅಂತಲೇ ಬರೆದಿರುತ್ತದೆ. ಚಿಪ್ ಮುಂದೆ ಹೋಗಲೇ ಇಲ್ವಾ?

ಹೋಗಿದೆ, ಬೇರೆ ದಾರಿಯಲ್ಲಿ. ಚಿಪ್ಪಿನೊಳಗೆ ಒಂದು ಗಡಿಯಾರ ಇರುತ್ತದೆ, ಅದು ಸೆಕೆಂಡಿಗೆ ನೂರು ಕೋಟಿ ಸಲ ಟಿಕ್ ಅಂದರೆ ಒಂದು ಗಿಗಾಹರ್ಟ್ಸ್. ಮೊದಲು ಹಳೆ ದಾರಿ ಯಾಕೆ ಮುಚ್ಚಿತು ನೋಡುವ.

1971ರಲ್ಲಿ ಇಂಟೆಲ್ ಕಂಪನಿ 4004 ಅನ್ನುವ ಚಿಪ್ ಮಾರುಕಟ್ಟೆಗೆ ತಂದಿತು. ಮೂಲತಃ ಅದು ಜಪಾನಿನ ಒಂದು ಕ್ಯಾಲ್ಕುಲೇಟರ್ ಕಂಪನಿಗಾಗಿ ಮಾಡಿದ್ದು. ಅದರಲ್ಲಿದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್ (ಕರೆಂಟನ್ನು ಆನ್, ಆಫ್ ಮಾಡುವ ಪುಟ್ಟ ಸ್ವಿಚ್), ವೇಗ 740 ಕಿಲೋಹರ್ಟ್ಸ್. ಆಮೇಲೆ ಮೂವತ್ತು ವರ್ಷ ಸುಗ್ಗಿಯೋ ಸುಗ್ಗಿ. ಟ್ರಾನ್ಸಿಸ್ಟರ್ ಸಣ್ಣದು ಮಾಡಿದಷ್ಟೂ ಅದನ್ನು ನಡೆಸಲು ಬೇಕಾದ ವೋಲ್ಟೇಜ್ ಕೂಡ ಕಡಿಮೆಯಾಗುತ್ತಿತ್ತು. ಹಾಗಾಗಿ ಅಷ್ಟೇ ಜಾಗದಲ್ಲಿ ದುಪ್ಪಟ್ಟು ಟ್ರಾನ್ಸಿಸ್ಟರ್ ತುಂಬಿಸಿದರೂ, ಗಡಿಯಾರದ ವೇಗ ಏರಿಸಿದರೂ, ಬಿಸಿ ಮಾತ್ರ ಅಷ್ಟಕ್ಕಷ್ಟೇ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಅವರ ಜೊತೆಯವರು 1974ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದರು.

2004ರ ಹೊತ್ತಿಗೆ ಈ ಲೆಕ್ಕ ಕೈಕೊಟ್ಟಿತು. ವೋಲ್ಟೇಜ್ 5ರಿಂದ 3.3ಕ್ಕೆ, ಅಲ್ಲಿಂದ 1ರ ಹತ್ತಿರಕ್ಕೆ ಇಳಿದು ಅಲ್ಲೇ ಕೂತಿತು. ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಸರಿಯಾಗಿ ಆಫ್ ಆಗುವುದೇ ಇಲ್ಲ, ಸುಮ್ನೆ ಕೂತಾಗಲೂ ಕರೆಂಟ್ ಸೋರುತ್ತದೆ. ವೋಲ್ಟೇಜ್ ಇಳಿಸಲು ಆಗದೆ ವೇಗ ಮಾತ್ರ ಏರಿಸಿದರೆ ಚಿಪ್ ಬೆಂದುಹೋಗುತ್ತದೆ. ಇಂಟೆಲ್ ಆ ವರ್ಷ 4 ಗಿಗಾಹರ್ಟ್ಸ್ ಪೆಂಟಿಯಂ 4 ತರುವ ಯೋಜನೆಯನ್ನೇ ಕೈಬಿಟ್ಟಿತು. ಮರುವರ್ಷ, 2005ರಲ್ಲಿ, ಇಂಟೆಲ್ ಮತ್ತು ಅದರ ಪ್ರತಿಸ್ಪರ್ಧಿ ಎಎಂಡಿ ಎರಡೂ ಎರಡು ಕೋರಿನ (ಕೋರ್ ಅಂದರೆ ಆದೇಶ ಓದಿ ಲೆಕ್ಕ ಮಾಡುವ ಭಾಗ) ಡೆಸ್ಕ್‌ಟಾಪ್ ಚಿಪ್ ಹೊರತಂದವು.

ಈಗಿನ ದೊಡ್ಡ ಡೆಸ್ಕ್‌ಟಾಪ್ ಚಿಪ್‌ಗಳು 6 ಗಿಗಾಹರ್ಟ್ಸ್ ಮುಟ್ಟಿದ್ದುಂಟು. ಅದು ಒಂದೆರಡು ಕೋರಿಗೆ, ಸ್ವಲ್ಪ ಹೊತ್ತಿಗೆ, ದೊಡ್ಡ ಕೂಲರ್ ಇದ್ದರೆ. ಬೆನ್ನಿನಲ್ಲಿ ಹೊರುವ ಲ್ಯಾಪ್‌ಟಾಪಿಗೆ ಆ ಆಸೆ ಬೇಡ.

ಹಾಗಾದರೆ ಹೊಸ ಚಿಪ್ಪಿನಲ್ಲಿ ವೇಗ ಎಲ್ಲಿಂದ ಬರುತ್ತದೆ?

ಗಡಿಯಾರದ ಒಂದು ಟಿಕ್ ಒಳಗೆ ಎಷ್ಟು ಕೆಲಸ ಮುಗಿಸುತ್ತದೆ ಅನ್ನುವುದರಿಂದ. ಇವತ್ತಿನ ಒಂದು ಒಳ್ಳೆಯ ಕೋರ್ ಒಂದೇ ಟಿಕ್‌ನಲ್ಲಿ ಹಲವು ಆದೇಶಗಳನ್ನು ಒಟ್ಟಿಗೆ ಎತ್ತಿಕೊಳ್ಳುತ್ತದೆ. ಬಂದ ಸಾಲಿನಲ್ಲೇ ಮಾಡಬೇಕು ಅಂತಿಲ್ಲ, ಯಾವುದಕ್ಕೆ ಬೇಕಾದ ಮಾಹಿತಿ ಕೈಗೆ ಬಂದಿದೆಯೋ ಅದನ್ನು ಮೊದಲು ಮುಗಿಸುತ್ತದೆ. ಮುಂದೆ ಯಾವ ಕಡೆ ತಿರುಗಬೇಕಾದೀತು ಅಂತ ಊಹಿಸಿ ಮೊದಲೇ ಕೆಲಸ ಶುರು ಮಾಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನು ಬಿಸಾಡುತ್ತದೆ.

ಈ ಊಹೆಯ ಚಾಳಿಯೇ ಒಮ್ಮೆ ಮುಳುವಾಯಿತು. ಬಿಸಾಡಿದ ಕೆಲಸದ ಗುರುತು ಚಿಪ್ಪಿನ ಒಳಗಿನ ಮೆಮೊರಿಯಲ್ಲಿ ಉಳಿಯುತ್ತದೆ, ಅದನ್ನು ಹಿಡಿದು ಗುಟ್ಟಿನ ಮಾಹಿತಿ ಕದಿಯಬಹುದು ಅಂತ 2018ರ ಜನವರಿಯಲ್ಲಿ ಬಯಲಾಯಿತು. ಸ್ಪೆಕ್ಟರ್, ಮೆಲ್ಟ್‌ಡೌನ್ ಅಂತ ಹೆಸರು. ಅದನ್ನು ಮುಚ್ಚುವ ಅಪ್‌ಡೇಟ್ ಹಾಕಿದ ಮೇಲೆ ಹಳೆ ಯಂತ್ರಗಳು ಕೆಲವು ಕೆಲಸಗಳಲ್ಲಿ ನಿಧಾನವಾದವು. ಆಮೇಲಿನ ಚಿಪ್‌ಗಳಲ್ಲಿ ವಿನ್ಯಾಸವನ್ನೇ ತಿದ್ದುತ್ತಾ ಬಂದಿದ್ದಾರೆ.

ಇನ್ನೊಂದು ಮೂಲ, ಒಂದೊಂದು ಕೆಲಸಕ್ಕೆ ಒಂದೊಂದು ಪ್ರತ್ಯೇಕ ವಿಭಾಗ. ವಿಡಿಯೋ ಕಡತ ಬಿಚ್ಚಿ ತೋರಿಸಲು ಒಂದು, ಕ್ಯಾಮೆರಾ ಚಿತ್ರ ಸರಿಮಾಡಲು ಒಂದು, ಗುಪ್ತಲಿಪಿಗೆ ಒಂದು. ಯೂಟ್ಯೂಬಿನಲ್ಲಿ ಇಡೀ ರಾತ್ರಿಯ ಯಕ್ಷಗಾನ ಹಾಕಿಟ್ಟರೂ ಫೋನ್ ಬೆಚ್ಚಗಾಗದೆ ಇರುವುದು ಇದರಿಂದ. ಆಗ ಮುಖ್ಯ ಕೋರ್‌ಗಳು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ.

ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಅರ್ಧ ಸತ್ಯ. ಅಂಗಳದಲ್ಲಿ ಹರಡಿದ ಅಡಿಕೆ ಒಣಗಲು ಸುಮಾರು 40 ದಿನ ಬೇಕು, ಆಮೇಲೆ ಸುಲಿಯುವುದು. ಸುಲಿಯಲು ಒಬ್ಬರ ಬದಲು ನಾಲ್ಕು ಜನ ಕೂತರೆ ಆ ಕೆಲಸ ಬೇಗ ಮುಗಿಯುತ್ತದೆ. ಹತ್ತು ಜನ ಕೂತರೆ ಇನ್ನೂ ಬೇಗ. ಆದರೆ ಎಷ್ಟು ಜನರನ್ನು ಕರೆದರೂ ಆ 40 ದಿನ ಒಂದು ದಿನವೂ ಕಡಿಮೆಯಾಗುವುದಿಲ್ಲ.

ಪ್ರೋಗ್ರಾಮಿನಲ್ಲೂ ಹಂಚಿಕೊಳ್ಳಲಾಗದ ಭಾಗ ಇದ್ದೇ ಇರುತ್ತದೆ. ಜೀನ್ ಆಮ್ಡಾಲ್ 1967ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಕೆಲಸದ 80 ಶೇಕಡ ಹಂಚಬಹುದು, 20 ಶೇಕಡ ಹಂಚಲಾಗದು ಅಂತಿಟ್ಟುಕೊಳ್ಳಿ. ಸಾವಿರ ಕೋರ್ ಹಾಕಿದರೂ ಒಟ್ಟು ವೇಗ ಐದು ಪಟ್ಟು ದಾಟುವುದಿಲ್ಲ. ಬ್ಯಾಂಕಿನ ಲೆಕ್ಕ, ಪಂಚಾಯತಿನ ಅರ್ಜಿ, ಟೈಪಿಂಗ್, ಬ್ರೌಸಿಂಗ್ ಇಷ್ಟಕ್ಕೆ ನಾಲ್ಕರಿಂದ ಆರು ಕೋರ್ ಧಾರಾಳ. ಮದುವೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಹೆಚ್ಚು ಕೋರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ವಿಡಿಯೋ ಕೆಲಸವನ್ನು ತುಂಡು ಮಾಡಿ ಹಂಚುವುದು ಸುಲಭ.

10 ಕೋರ್ ಅಂತ ಬರೆದಿದ್ದರೆ ಹತ್ತೂ ಒಂದೇ ತರದ್ದಾ?

ಅಲ್ಲ, ಮತ್ತು ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಇಂಟೆಲ್ ಐ5 1235ಯು ಚಿಪ್ಪಿನ ಉದಾಹರಣೆ ನೋಡಿ. ಹತ್ತು ಕೋರ್ ಹೌದು, ಆದರೆ ಎರಡು ದೊಡ್ಡವು, ಎಂಟು ಸಣ್ಣವು. ದೊಡ್ಡದು ಜೋರು ಕೆಲಸಕ್ಕೆ, ಸಣ್ಣದು ಕಡಿಮೆ ಕರೆಂಟಿನಲ್ಲಿ ಹಗುರ ಕೆಲಸಕ್ಕೆ. ಅದೇ ತಲೆಮಾರಿನ ಐ5 12450ಎಚ್‌ನಲ್ಲಿ ಎಂಟೇ ಕೋರ್, ಆದರೆ ನಾಲ್ಕು ದೊಡ್ಡವು. ಭಾರದ ಕೆಲಸದಲ್ಲಿ ಎಂಟರದ್ದೇ ಮೇಲುಗೈ.

ಕೊನೆಯ ಅಕ್ಷರ ನೋಡುವ ಅಭ್ಯಾಸ ಮಾಡಿಕೊಳ್ಳಿ. ಈ ಎರಡರಲ್ಲಿ ಯು ಅಂದರೆ 15 ವ್ಯಾಟ್ ಲೆಕ್ಕದಲ್ಲಿ ಮಾಡಿದ್ದು, ಎಚ್ ಅಂದರೆ 45 ವ್ಯಾಟ್. ಯು ಇರುವುದು ತೆಳ್ಳಗೆ, ಹಗುರ, ಬ್ಯಾಟರಿ ಹೆಚ್ಚು ಹೊತ್ತು. ಎಚ್ ಇರುವುದು ಭಾರ, ಫ್ಯಾನ್ ಶಬ್ದ ಜಾಸ್ತಿ, ಕೆಲಸ ಜೋರು. ಐ5, ಐ7 ಅನ್ನುವ ದೊಡ್ಡ ಅಕ್ಷರಕ್ಕಿಂತ ಈ ಬಾಲದ ಅಕ್ಷರ ನಿಮಗೆ ಹೆಚ್ಚು ವಿಷಯ ಹೇಳುತ್ತದೆ.

ದೊಡ್ಡ, ಸಣ್ಣ ಕೋರ್ ಬೆರೆಸುವ ಪದ್ಧತಿ ಮೊದಲು ಫೋನಿನ ಚಿಪ್‌ಗಳಲ್ಲಿ ಬಂತು. ಆರ್ಮ್ ಕಂಪನಿ 2011ರಲ್ಲಿ ಇದನ್ನು ಮುಂದಿಟ್ಟಿತು, ಇಂಟೆಲ್ ಹತ್ತು ವರ್ಷ ತಡವಾಗಿ 2021ರಲ್ಲಿ ಡೆಸ್ಕ್‌ಟಾಪಿಗೆ ತಂದಿತು.

ದುಬೈಯಿಂದ ಅಣ್ಣ ಕೊಟ್ಟ ಐ7 ಉಂಟು. ಅದನ್ನು ಬಿಟ್ಟು ಹೊಸ ಐ3 ತೆಗೆದುಕೊಳ್ಳಲು ಹೇಳುತ್ತೀರಾ?

ಯಾವ ಐ7 ಅನ್ನುವುದರ ಮೇಲೆ ಹೋಗುತ್ತದೆ. ನಮ್ಮ ಕಡೆ ಗಲ್ಫಿನಿಂದ ಬಂದ ಲ್ಯಾಪ್‌ಟಾಪ್ ಇಲ್ಲದ ಓಣಿ ಇಲ್ಲ. ಕೀಲಿಮಣೆಯಲ್ಲಿ ಇಂಗ್ಲಿಷಿನ ಪಕ್ಕ ಅರಬಿ ಅಕ್ಷರ, ಚಾರ್ಜರಿಗೆ ಚೌಕದ ಮೂರು ಪಿನ್ನು, ಅದಕ್ಕೊಂದು ಅಡಾಪ್ಟರ್, ಅಂಗೈ ಇಡುವ ಜಾಗದಲ್ಲಿ ಅರ್ಧ ಸವೆದ ಐ7 ಸ್ಟಿಕ್ಕರ್. ಸ್ಟಿಕ್ಕರ್ ನೋಡಿ ಬೆಲೆ ಕಟ್ಟಬೇಡಿ. ಸೆಟ್ಟಿಂಗ್ಸ್ ಒಳಗೆ ಹೋಗಿ ಪೂರ್ತಿ ನಂಬರ್ ಓದಿ.

ಅಲ್ಲಿ ಐ7 7500ಯು ಅಂತ ಇದ್ದರೆ ಅದು 2016ರ ಚಿಪ್. ಎರಡೇ ಕೋರ್. 2022ರ ಐ3 1215ಯುನಲ್ಲಿ ಎರಡು ದೊಡ್ಡದು, ನಾಲ್ಕು ಸಣ್ಣದು, ಒಟ್ಟು ಆರು. ಎರಡೂ 15 ವ್ಯಾಟಿನ ಚಿಪ್‌ಗಳೇ. ಅಷ್ಟೇ ಬಿಸಿಯಲ್ಲಿ ಹೊಸ ಐ3 ಹಳೆ ಐ7ಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ಮೇಲಾಗಿ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಚಿಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಅಣ್ಣನಿಗೆ ಬೇಸರ ಆಗುವುದಾದರೆ ಅದರಲ್ಲಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಹಳೆ ಹಾರ್ಡ್ ಡಿಸ್ಕ್ ಬದಲು ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ, ಮನೆಯಲ್ಲಿ ಮಕ್ಕಳಿಗೆ ಕೊಡಿ. ಇನ್ನೂ ಹಲವು ವರ್ಷ ನಡೆಯುತ್ತದೆ.

3 ನ್ಯಾನೋಮೀಟರ್ ಚಿಪ್ ಅಂತಾರಲ್ಲ, ಅದರಲ್ಲಿ 3 ನ್ಯಾನೋಮೀಟರ್ ಇರುವುದು ಯಾವುದು?

ಯಾವುದೂ ಇಲ್ಲ. ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಕಾಲದಲ್ಲಿ ಈ ಸಂಖ್ಯೆ ಟ್ರಾನ್ಸಿಸ್ಟರಿನ ಒಂದು ಭಾಗದ ನಿಜವಾದ ಅಳತೆಯಾಗಿತ್ತು. ಈಗ ಅದು ತಲೆಮಾರಿನ ಹೆಸರು ಮಾತ್ರ. 3 ನ್ಯಾನೋಮೀಟರ್ ಅಂತ ಕರೆಯುವ ಚಿಪ್ಪಿನಲ್ಲೂ ಒಂದು ಟ್ರಾನ್ಸಿಸ್ಟರಿನ ಗೇಟಿಗೂ (ಕರೆಂಟ್ ಬಿಡುವ, ತಡೆಯುವ ಬಾಗಿಲು) ಪಕ್ಕದ ಗೇಟಿಗೂ 40 ನ್ಯಾನೋಮೀಟರಿಗಿಂತ ಹೆಚ್ಚು ಅಂತರ ಇರುತ್ತದೆ. ಸಿಲಿಕಾನ್ ಹರಳಿನಲ್ಲಿ ಅಕ್ಕಪಕ್ಕದ ಪರಮಾಣುಗಳ ನಡುವೆ ಸುಮಾರು 0.235 ನ್ಯಾನೋಮೀಟರ್. ನಿಜವಾಗಿಯೂ 3 ನ್ಯಾನೋಮೀಟರ್ ಅಗಲದ ಗೆರೆ ಎಳೆದರೆ ಅದರಲ್ಲಿ ಪರಮಾಣುಗಳನ್ನು ಬೆರಳಿನಲ್ಲಿ ಎಣಿಸಬಹುದು.

ಹಾಗಂತ ಸಂಖ್ಯೆ ಪೂರ್ತಿ ಸುಳ್ಳು ಅಂತಲ್ಲ. ಅದೇ ಕಂಪನಿಯ 5ಕ್ಕಿಂತ 3 ಒಳ್ಳೆಯದು, ಅಷ್ಟರ ಮಟ್ಟಿಗೆ ನಂಬಬಹುದು. ಒಂದು ಕಂಪನಿಯ ಸಂಖ್ಯೆಯನ್ನು ಇನ್ನೊಂದು ಕಂಪನಿಯ ಸಂಖ್ಯೆಗೆ ಹೋಲಿಸಿ ಜಗಳ ಆಡುವುದು ದಂಡ.

ಅಷ್ಟು ಸಣ್ಣದಾಗಿ ಕೆತ್ತುವುದು ಹೇಗೆ?

ಕೆತ್ತುವುದು ಬೆಳಕಿನಿಂದ. ಮಾದರಿಯನ್ನು ಸಿಲಿಕಾನ್ ತಟ್ಟೆಯ ಮೇಲೆ ಬೆಳಕಿನಲ್ಲಿ ಮೂಡಿಸಿ, ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸುತ್ತಾರೆ. ಬಹಳ ವರ್ಷ ಇದಕ್ಕೆ 193 ನ್ಯಾನೋಮೀಟರ್ ತರಂಗದ ನೇರಳಾತೀತ ಬೆಳಕು ಬಳಸುತ್ತಿದ್ದರು. ಅತಿ ಸಣ್ಣ ಗೆರೆಗೆ ಅದು ತುಂಬ ದಪ್ಪವಾಯಿತು. ಒಂದೇ ಪದರಕ್ಕೆ ಎರಡು, ನಾಲ್ಕು ಸಲ ಮೂಡಿಸಿ ಹೇಗೋ ಸುಧಾರಿಸಿದರು.

ಈಗಿನ ಯಂತ್ರದಲ್ಲಿ 13.5 ನ್ಯಾನೋಮೀಟರಿನ ಬೆಳಕು. ಇದನ್ನು ಹುಟ್ಟಿಸುವ ರೀತಿ ಓದಿದರೆ ಕಟ್ಟುಕಥೆ ಅನ್ನಿಸುತ್ತದೆ. ಕರಗಿದ ತವರದ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಸೆಕೆಂಡಿಗೆ 50,000ದಂತೆ ಬೀಳಿಸುತ್ತಾರೆ. ಪ್ರತಿ ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ. ಮೊದಲ ಏಟಿಗೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯದಕ್ಕೆ ಉರಿದು ಪ್ಲಾಸ್ಮಾ ಆಗಿ ಬೇಕಾದ ಬೆಳಕು ಕೊಡುತ್ತದೆ. ಈ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಹಾಗಾಗಿ ಎಲ್ಲ ನಿರ್ವಾತದಲ್ಲಿ, ಲೆನ್ಸ್ ಬದಲು ಕನ್ನಡಿಗಳಲ್ಲಿ. ಕನ್ನಡಿ ಮಾಡುವುದು ಜರ್ಮನಿಯ ಝೈಸ್. ಯಂತ್ರ ಮಾಡುವುದು ನೆದರ್‌ಲ್ಯಾಂಡ್ಸ್‌ನ ಎಎಸ್‌ಎಂಎಲ್. ಈ ತರದ ಯಂತ್ರವನ್ನು ಮಾರುವ ಇನ್ನೊಂದು ಕಂಪನಿ ಜಗತ್ತಿನಲ್ಲಿ ಇಲ್ಲ. ಚಿಪ್ ವಿಷಯಕ್ಕೆ ದೇಶ ದೇಶಗಳ ನಡುವೆ ಇಷ್ಟೊಂದು ಎಳೆದಾಟ ಯಾಕೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನೂ ಸೂಕ್ಷ್ಮವಾಗಿ ಮೂಡಿಸುವ ಮುಂದಿನ ಮಾದರಿಯ ಮೊದಲ ಯಂತ್ರ 2023ರ ಕೊನೆಗೆ ಇಂಟೆಲ್‌ಗೆ ಹೊರಟಿತು.

ಟ್ರಾನ್ಸಿಸ್ಟರಿನ ಆಕಾರವೂ ಬದಲಾಗಿದೆಯಂತೆ?

ಹೌದು. ಮೊದಲು ಅದು ನೆಲಕ್ಕೆ ಅಂಟಿದ, ಕರೆಂಟ್ ಹರಿಯುವ ಚಪ್ಪಟೆ ಪಟ್ಟಿ, ಗೇಟ್ ಮೇಲಿಂದ ಮಾತ್ರ ಒತ್ತುತ್ತಿತ್ತು. ಸಣ್ಣದಾದಂತೆ ಕೆಳಗಿನಿಂದ ಕರೆಂಟ್ ಸೋರತೊಡಗಿತು. ಇಂಟೆಲ್ 2012ರಲ್ಲಿ ಮಾರುಕಟ್ಟೆಗೆ ತಂದ 22 ನ್ಯಾನೋಮೀಟರ್ ಚಿಪ್‌ಗಳಲ್ಲಿ ಆ ಪಟ್ಟಿಯನ್ನು ಎದ್ದು ನಿಲ್ಲಿಸಿ ಮೂರು ಕಡೆಯಿಂದ ಗೇಟ್ ಹಿಡಿಯುವಂತೆ ಮಾಡಿದರು. ಫಿನ್‌ಫೆಟ್ ಅನ್ನುವುದು ಇದಕ್ಕೆ. ಈಗಿನ ಹೊಸ ಪದ್ಧತಿಯಲ್ಲಿ ಪಟ್ಟಿಯನ್ನು ತೆಳು ಹಾಳೆಗಳಾಗಿ ಒಂದರ ಮೇಲೊಂದು ತೇಲಿಸಿ ನಾಲ್ಕೂ ಸುತ್ತ ಗೇಟ್ ಸುತ್ತುತ್ತಾರೆ. ಸ್ಯಾಮ್‌ಸಂಗ್ 2022ರಲ್ಲಿ ಇದನ್ನು ಶುರು ಮಾಡಿತು, ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ ಮತ್ತು ಇಂಟೆಲ್ ಹಿಂದೆಯೇ ಬಂದವು. ಇಂಟೆಲ್ ಇದರ ಜೊತೆಗೆ ಕರೆಂಟಿನ ತಂತಿಗಳನ್ನು ಚಿಪ್ಪಿನ ಹಿಂಬದಿಗೆ ಸಾಗಿಸಿದೆ, ಮುಂಬದಿ ಮಾಹಿತಿ ತಂತಿಗಳಿಗೆ ಖಾಲಿ ಸಿಗಲಿ ಅಂತ. ಎಲ್ಲದರ ಹಿಂದೆ ಅದೇ ಕಾರಣ: ಸೋರಿಕೆ ತಡೆ, ಬಿಸಿ ಇಳಿಸು.

ಮೂರ್ ನಿಯಮ ಸತ್ತಿತು ಅಂತಾರೆ. ನಿಜವಾ?

ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದು ಪ್ರಕೃತಿಯ ನಿಯಮ ಅಲ್ಲ, ಉದ್ಯಮದ ಒಂದು ಅಂದಾಜು. ಒಂದು ಚಿಪ್ಪಿನೊಳಗೆ ಹಿಡಿಸುವ ಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಅಂದರು, 1975ರಲ್ಲಿ ಎರಡು ವರ್ಷಕ್ಕೊಮ್ಮೆ ಅಂತ ತಿದ್ದಿದರು. ಸಂಖ್ಯೆ ಈಗಲೂ ಏರುತ್ತಿದೆ. ಆಪಲ್‌ನ ಎಂ1ರಲ್ಲಿ 2020ರಲ್ಲಿ 1,600 ಕೋಟಿ ಟ್ರಾನ್ಸಿಸ್ಟರ್ ಇತ್ತು. ಎಐ ಕೆಲಸಕ್ಕೆ ಎನ್‌ವಿಡಿಯಾ ಕಂಪನಿ ಮಾಡಿದ ಬ್ಲ್ಯಾಕ್‌ವೆಲ್ ಚಿಪ್ಪಿನಲ್ಲಿ 20,800 ಕೋಟಿ, ಅದು ಎರಡು ತುಂಡು ಸೇರಿಸಿ.

ಆದರೆ ಮೂರ್ ಲೆಕ್ಕದ ಜೀವ ಇದ್ದದ್ದು ಅಗ್ಗವಾಗುವುದರಲ್ಲಿ. ಪ್ರತಿ ತಲೆಮಾರಿನಲ್ಲೂ ಒಂದೊಂದು ಟ್ರಾನ್ಸಿಸ್ಟರಿನ ಬೆಲೆ ಇಳಿಯುತ್ತಿತ್ತು. ಈಗ ಆ ಇಳಿತ ಮೊದಲಿನಂತಿಲ್ಲ. ಅದರಲ್ಲೂ ಚಿಪ್ಪಿನ ಒಳಗಿನ ಕ್ಯಾಶ್ ಮೆಮೊರಿ (ಪದೇ ಪದೇ ಬೇಕಾಗುವ ಮಾಹಿತಿ ಇಟ್ಟುಕೊಳ್ಳುವ ಜಾಗ) ಹಟ ಹಿಡಿದು ಕೂತಿದೆ. ಟಿಎಸ್‌ಎಂಸಿಯ 5 ನ್ಯಾನೋಮೀಟರಿನಿಂದ 3 ನ್ಯಾನೋಮೀಟರಿನ ಒಂದು ಮುಖ್ಯ ಮಾದರಿಗೆ ಬರುವಾಗ ಆ ಮೆಮೊರಿಯ ಕೋಶ ಒಂಚೂರೂ ಸಣ್ಣದಾಗಲಿಲ್ಲ. ನನ್ನ ಮಟ್ಟಿಗೆ ಸತ್ತದ್ದು ಸಂಖ್ಯೆಯಲ್ಲ, ಪುಕ್ಕಟೆಯಾಗಿ ಸಿಗುತ್ತಿದ್ದ ಲಾಭ.

ಚಿಪ್ಲೆಟ್ ಅಂದರೇನು? ಎಲ್ಲರೂ ಅದರ ಹಿಂದೆ ಬಿದ್ದಿದ್ದಾರಲ್ಲ.

ಒಂದು ದೊಡ್ಡ ಚಿಪ್ ಮಾಡುವ ಬದಲು ಜೋಡಿಸಿ ಬಳಸುವ ಸಣ್ಣ ಚಿಪ್ ತುಂಡುಗಳೇ ಚಿಪ್ಲೆಟ್. ಅದರ ಹಿಂದೆ ಬೀಳಲು ಕಾರಣ ಉಂಟು. ಚಿಪ್‌ಗಳನ್ನು ಮಾಡುವುದು 300 ಮಿಲಿಮೀಟರ್ ಅಗಲದ ದುಂಡು ಸಿಲಿಕಾನ್ ತಟ್ಟೆಯ ಮೇಲೆ. ಎಷ್ಟೇ ಶುದ್ಧ ಕೋಣೆಯಾದರೂ ತಟ್ಟೆಯಲ್ಲಿ ಅಲ್ಲಲ್ಲಿ ದೋಷ ಬೀಳುತ್ತದೆ. ತಟ್ಟೆಯಿಂದ ದೊಡ್ಡ ದೊಡ್ಡ ಚಿಪ್ ಕತ್ತರಿಸಿದರೆ ಒಂದು ದೋಷಕ್ಕೆ ಒಂದು ದೊಡ್ಡ ಚಿಪ್ಪೇ ಹೋಯಿತು. ಸಣ್ಣದಾಗಿ ಕತ್ತರಿಸಿದರೆ ಹೋಗುವುದು ಒಂದು ಸಣ್ಣ ತುಂಡು ಮಾತ್ರ. ಜೊತೆಗೆ, ಯಂತ್ರ ಒಂದೇ ಸಲಕ್ಕೆ ಮೂಡಿಸಬಹುದಾದ ಜಾಗಕ್ಕೂ ಮಿತಿ ಇದೆ, 26ಕ್ಕೆ 33 ಮಿಲಿಮೀಟರ್. ಅದಕ್ಕಿಂತ ದೊಡ್ಡದು ಬೇಕಾದರೆ ತುಂಡುಗಳನ್ನು ಜೋಡಿಸುವುದೇ ದಾರಿ.

ಎಎಂಡಿ 2019ರಲ್ಲಿ ಇದನ್ನು ಜಾಣತನದಿಂದ ಮಾಡಿತು. ಲೆಕ್ಕ ಮಾಡುವ ಕೋರ್‌ಗಳನ್ನು ದುಬಾರಿ 7 ನ್ಯಾನೋಮೀಟರಿನಲ್ಲಿ ಮಾಡಿಸಿತು. ಮೆಮೊರಿ, ಯುಎಸ್‌ಬಿ ಇತ್ಯಾದಿಗಳ ಜೊತೆ ಮಾತಾಡುವ ಭಾಗವನ್ನು ಹಳೆಯ, ಅಗ್ಗದ 12 ಮತ್ತು 14 ನ್ಯಾನೋಮೀಟರಿನಲ್ಲಿ ಬೇರೆ ಕಾರ್ಖಾನೆಯಲ್ಲಿ ಮಾಡಿಸಿತು. ಹೇಗೂ ಸಣ್ಣದು ಮಾಡಿದರೂ ಲಾಭ ಇಲ್ಲದ ಭಾಗಕ್ಕೆ ಯಾಕೆ ಸುಮ್ನೆ ದುಡ್ಡು ಸುರಿಯುವುದು, ಅಲ್ವಾ? 2022ರಲ್ಲಿ ಅದೇ ಕಂಪನಿ 64 ಎಂಬಿ ಕ್ಯಾಶ್ ಮೆಮೊರಿಯ ಒಂದು ತುಂಡನ್ನು ಚಿಪ್ಪಿನ ನೆತ್ತಿಯ ಮೇಲೇ ಕೂರಿಸಿತು. ಕಂಪ್ಯೂಟರಿನಲ್ಲಿ ಆಟ ಆಡುವ ಹುಡುಗರು ಅದನ್ನು ಮುಗಿಬಿದ್ದು ಕೊಂಡರು. ಬೇರೆ ಬೇರೆ ಕಂಪನಿಗಳ ತುಂಡುಗಳು ಒಂದಕ್ಕೊಂದು ಹೊಂದಲಿ ಅಂತ ಅದೇ ವರ್ಷ ಯುಸಿಐಇ ಅನ್ನುವ ಸಾಮಾನ್ಯ ನಿಯಮವೂ ಬಂತು.

ತೊಂದರೆಯೂ ಇದೆ. ತುಂಡಿನಿಂದ ತುಂಡಿಗೆ ಮಾಹಿತಿ ಸಾಗಿಸಲು ಹೆಚ್ಚು ಕರೆಂಟ್ ಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದ್ದರ ಬಿಸಿ ಹೊರಗೆ ಹೋಗಲು ದಾರಿ ಕಷ್ಟ. ಮೇಲೆ ಕ್ಯಾಶ್ ಹೊತ್ತ ಆ ಮೊದಲ ಚಿಪ್ಪಿನ ಗಡಿಯಾರದ ವೇಗವನ್ನು ಸ್ವಲ್ಪ ಇಳಿಸಬೇಕಾಗಿ ಬಂತು. ಆಮೇಲಿನ ಒಂದು ಮಾದರಿಯಲ್ಲಿ ಕ್ಯಾಶನ್ನು ಕೆಳಗೆ ಹಾಕಿ ಕೋರ್‌ಗಳನ್ನು ಮೇಲೆ ತಂದರು.

ಆರ್ಮ್, ಎಕ್ಸ್86, ರಿಸ್ಕ್-ಫೈವ್: ಇವುಗಳಲ್ಲಿ ಯಾವುದು ಗೆಲ್ಲುತ್ತದೆ?

ಮೂರೂ ಇರುತ್ತವೆ. ಇವು ಚಿಪ್‌ಗಳ ಹೆಸರಲ್ಲ, ಚಿಪ್ಪಿಗೆ ಆದೇಶ ಕೊಡುವ ಭಾಷೆಗಳ ಹೆಸರು. ಎಕ್ಸ್86 ಇಂಟೆಲ್ ಮತ್ತು ಎಎಂಡಿಯದ್ದು. ಆರ್ಮ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ್ದು, ಅದರ ಮೊದಲ ಚಿಪ್ 1985ರಲ್ಲಿ ಓಡಿತು. ಕಡಿಮೆ ಕರೆಂಟಿನಲ್ಲಿ ನಡೆಯುವ ಗುಣದಿಂದ ಫೋನುಗಳನ್ನೆಲ್ಲ ಗೆದ್ದುಕೊಂಡಿತು. 2020ರಲ್ಲಿ ಆಪಲ್ ಎಂ1 ಬಂದು, ಫ್ಯಾನೇ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅಷ್ಟು ಕೆಲಸ ಮಾಡಬಹುದು ಅಂತ ತೋರಿಸಿದ ಮೇಲೆ ಎಲ್ಲರ ಎಣಿಕೆ ಬದಲಾಯಿತು. ವಿಂಡೋಸ್ ಕೂಡ ಈಗ ಆರ್ಮ್ ಚಿಪ್ಪಿನಲ್ಲಿ ಸಿಗುತ್ತದೆ. ಆದರೆ ಅದನ್ನು ಕೊಳ್ಳುವ ಮುಂಚೆ ನಿಮ್ಮ ಹಳೆ ಪ್ರಿಂಟರ್, ಬೆರಳ ಗುರುತು ಓದುವ ಯಂತ್ರ, ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದಾ ಅಂತ ಕೇಳಿಕೊಳ್ಳಿ. ಅಕ್ಷಯ ಕೇಂದ್ರ ನಡೆಸುವವರಿಗೆ ಇದು ಮುಖ್ಯ.

ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಈ ಭಾಷೆಯನ್ನು ಬಳಸಲು ಯಾರಿಗೂ ಲೈಸೆನ್ಸ್ ದುಡ್ಡು ಕೊಡಬೇಕಾಗಿಲ್ಲ. ಮದ್ರಾಸ್ ಐಐಟಿಯ ಶಕ್ತಿ, ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ವೇಗಾ ಪ್ರೊಸೆಸರ್‌ಗಳು ಇದರ ಮೇಲೆಯೇ ನಿಂತಿವೆ. ನನಗೆ ಈ ಮೂರರಲ್ಲಿ ಹೆಚ್ಚು ಕುತೂಹಲ ಇರುವುದು ಇದರ ಬಗ್ಗೆಯೇ. ಸಣ್ಣ ಕಾಲೇಜಿನ ಹುಡುಗರು ಕೂಡ ತಮ್ಮದೇ ಪ್ರೊಸೆಸರ್ ಬರೆದು ನೋಡಬಹುದು.

ಎಐ ಪಿಸಿ, ಎನ್‌ಪಿಯು ಅಂತ ಅಂಗಡಿಯವರು ಹೇಳುತ್ತಾರೆ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಾ?

ಈಗಿನ ಮಟ್ಟಿಗೆ, ಅದಕ್ಕಾಗಿಯೇ ಅಂತ ಬೇಡ. ಎನ್‌ಪಿಯು ಅಂದರೆ ಎಐಗೆ ಬೇಕಾದ ಗುಣಿಸಿ ಕೂಡಿಸುವ ಕೆಲಸವನ್ನು ಮಾತ್ರ ರಾಶಿಗಟ್ಟಲೆ, ಕಡಿಮೆ ಕರೆಂಟಿನಲ್ಲಿ ಮಾಡುವ ವಿಭಾಗ. ಮೈಕ್ರೋಸಾಫ್ಟ್ 2024ರಲ್ಲಿ ತನ್ನ ಹೊಸ ವರ್ಗದ ಲ್ಯಾಪ್‌ಟಾಪ್‌ಗಳಿಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕದ ಎನ್‌ಪಿಯು ಇರಲೇಬೇಕು ಅಂದಿತು. ವಿಡಿಯೋ ಕರೆಯಲ್ಲಿ ಹಿನ್ನೆಲೆ ಮಸುಕು ಮಾಡುವುದು, ಮಾತನ್ನು ಅಕ್ಷರಕ್ಕಿಳಿಸುವುದು ಇಂಥದ್ದಕ್ಕೆ ಒಳ್ಳೆಯದು. ನೀವು ಬ್ರೌಸರ್‌ನಲ್ಲಿ ಬಳಸುವ ಎಐ ಚಾಟ್‌ಗಳ ಕೆಲಸ ನಡೆಯುವುದು ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ, ನಿಮ್ಮ ಎನ್‌ಪಿಯುವಿನಲ್ಲಿ ಅಲ್ಲ. ಅದೇ ದುಡ್ಡಿಗೆ 8 ಜಿಬಿ ಬದಲು 16 ಜಿಬಿ ರ್‍ಯಾಮ್ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ.

ರ್‍ಯಾಮ್ ಬೆಲೆ ಒಮ್ಮೆಲೇ ಯಾಕೆ ಏರಿತು?

ಎಐ ನಡೆಸುವ ಆ ಡೇಟಾ ಸೆಂಟರ್‌ಗಳಿಂದಲೇ. ಎನ್‌ವಿಡಿಯಾದ ಎಚ್100 ಚಿಪ್ಪಿನಲ್ಲಿ 8,000 ಕೋಟಿ ಟ್ರಾನ್ಸಿಸ್ಟರ್. ಇಂಥ ಚಿಪ್‌ಗಳಿಗೆ ಸಾಧಾರಣ ರ್‍ಯಾಮ್ ಸಾಕಾಗುವುದಿಲ್ಲ, ಪದರ ಪದರವಾಗಿ ಪೇರಿಸಿದ ಎಚ್‌ಬಿಎಂ ಮೆಮೊರಿಯನ್ನು ಚಿಪ್ಪಿನ ಪಕ್ಕದಲ್ಲೇ ಅಂಟಿಸಬೇಕು. ಮೆಮೊರಿ ಕಂಪನಿಗಳು ತಮ್ಮ ಸಾಮರ್ಥ್ಯವನ್ನು ಆ ಕಡೆ ತಿರುಗಿಸಿದವು. 2025ರ ಕೊನೆಯಿಂದ ನಮ್ಮ ಲ್ಯಾಪ್‌ಟಾಪಿಗೆ ಬೇಕಾದ ರ್‍ಯಾಮ್ ತುಟ್ಟಿಯಾಯಿತು.

ಬಿಸಿಯ ಮಾತು ಇಲ್ಲೂ ಬಿಡುವುದಿಲ್ಲ. ಎಚ್100ರ ದೊಡ್ಡ ಮಾದರಿ 700 ವ್ಯಾಟ್‌ವರೆಗೆ ಎಳೆಯುತ್ತದೆ. ಒಂದೇ ಚಿಪ್ ದಿನವಿಡೀ ಹಾಗೆ ಓಡಿದರೆ ಸುಮಾರು 17 ಯೂನಿಟ್, ತಿಂಗಳಿಗೆ 500 ಯೂನಿಟ್ ದಾಟುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ನಿಮ್ಮ ಕೆಎಸ್‌ಇಬಿ ಬಿಲ್ಲು ತೆಗೆದು ಪಕ್ಕದಲ್ಲಿಟ್ಟು ನೋಡಿ. ಅಂಥ ಸಾವಿರಾರು ಚಿಪ್ ಒಂದೇ ಕಟ್ಟಡದಲ್ಲಿರುತ್ತವೆ. ಕರೆಂಟ್ ಉಳಿಸಲು ಈಗ ಲೆಕ್ಕದ ಸಂಖ್ಯೆಗಳನ್ನೇ ಮೊಟಕು ಮಾಡಿ, ಒಂದೊಂದನ್ನು ಬರೆಯಲು ಕಡಿಮೆ ಬಿಟ್ (0 ಅಥವಾ 1) ಬಳಸುತ್ತಿದ್ದಾರೆ: 32 ಬಿಟ್‌ನಲ್ಲಿ ಮಾಡುತ್ತಿದ್ದದ್ದನ್ನು 16, 8, ಬ್ಲ್ಯಾಕ್‌ವೆಲ್‌ನಲ್ಲಿ 4 ಬಿಟ್‌ಗೂ ಇಳಿಸಿದ್ದಾರೆ. ಎಐ ಲೆಕ್ಕಕ್ಕೆ ಅಷ್ಟು ಒರಟು ನಡೆಯುತ್ತದೆ. ಬ್ಯಾಂಕಿನ ಲೆಕ್ಕಕ್ಕೆ ನಡೆಯದು.

ಭಾರತದಲ್ಲಿ ಚಿಪ್ ಮಾಡುತ್ತಾರಾ, ಅಥವಾ ಬರೀ ಭಾಷಣವಾ?

ಎರಡೂ ಉಂಟು, ಬೇರೆ ಮಾಡಿ ನೋಡಬೇಕು. ವಿನ್ಯಾಸದ ಕೆಲಸ ನಮ್ಮಲ್ಲಿ ಹಳೆಯದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. ಈಗ ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಸುಮಾರು ಐದರಲ್ಲೊಂದು ಪಾಲು ಭಾರತದಲ್ಲಿದ್ದಾರೆ. ಕೊರತೆ ಇದ್ದದ್ದು ಕಾರ್ಖಾನೆಯಲ್ಲಿ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇದಕ್ಕಾಗಿ 76,000 ಕೋಟಿ ರೂಪಾಯಿಯ ಯೋಜನೆ ಮಾಡಿತು. ಗುಜರಾತಿನ ಧೊಲೇರಾದಲ್ಲಿ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ 91,000 ಕೋಟಿಯ ಕಾರ್ಖಾನೆ ಕೈಗೆತ್ತಿಕೊಂಡಿವೆ. ಅಸ್ಸಾಮಿನ ಜಾಗಿರೋಡಿನಲ್ಲಿ ಟಾಟಾ, ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಮುಂತಾದವರದ್ದು ಚಿಪ್ ಜೋಡಿಸಿ ಪರೀಕ್ಷಿಸುವ ಘಟಕಗಳು. ಜೋಡಿಸುವುದು ಬೇರೆ, ತಟ್ಟೆಯಿಂದ ಚಿಪ್ ಮಾಡುವುದು ಬೇರೆ. ಪತ್ರಿಕೆ ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಧೊಲೇರಾದ ಗುರಿ 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಂತ್ರ. ಅಷ್ಟು ಹಳೆಯದಾ ಅಂತ ಮೂಗು ಮುರಿಯಬೇಡಿ. ಕಾರು, ಫ್ಯಾನ್, ಮೀಟರ್, ಡಿಸ್ಪ್ಲೇ ಇವಕ್ಕೆಲ್ಲ ಬೇಕಾಗುವುದು ಇಂಥವೇ. 2020ರ ನಂತರದ ಚಿಪ್ ಅಭಾವದಲ್ಲಿ ಕಾರು ಕಂಪನಿಗಳು ಸಾಲುಗಟ್ಟಿ ಕಾದದ್ದು ಹೆಚ್ಚಾಗಿ ಹಳೆ ಮಾದರಿಯ ಚಿಪ್‌ಗಳಿಗೆ. 2025ರಲ್ಲಿ ಹೊರಬಂದ ಇಸ್ರೋದ ವಿಕ್ರಮ್ 3201 ಮೊಹಾಲಿಯಲ್ಲಿ 180 ನ್ಯಾನೋಮೀಟರಿನಲ್ಲಿ ಮಾಡಿದ್ದು. ರಾಕೆಟ್ಟಿಗೆ ಬೇಕಾದದ್ದು ಸೊನ್ನೆಗಿಂತ 55 ಡಿಗ್ರಿ ಕೆಳಗೂ, 125 ಡಿಗ್ರಿ ಮೇಲೂ ತಪ್ಪದೆ ನಡೆಯುವ ಚಿಪ್, ಅದು ಆ ಕೆಲಸ ಮಾಡುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಚಿಪ್ ವಿನ್ಯಾಸ ಕಲಿಯಬಹುದಾ?

ಧಾರಾಳವಾಗಿ. ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇಷ್ಟು ಸಂಭಾಳಿಸುವ ಮಕ್ಕಳಿಗೆ ಇನ್ನೊಂದು ಭಾಷೆ ದೊಡ್ಡ ಬೆಟ್ಟವೇನಲ್ಲ. ನಮ್ಮ ಸರಕಾರಿ ಶಾಲೆಗಳಲ್ಲಿ ಒಂದು ಅನುಕೂಲವೂ ಇದೆ. ಕೇರಳದ ಶಾಲೆಗಳಲ್ಲಿ ರಾಜ್ಯ ಸರಕಾರದ ಕೈಟ್ ಸಂಸ್ಥೆ ಕೊಟ್ಟ ಲಿನಕ್ಸ್ ನಡೆಯುತ್ತದೆ, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಸಿಗುತ್ತದೆ. ಚಿಪ್ ವಿನ್ಯಾಸದ ಉಚಿತ ಉಪಕರಣಗಳು ಹೆಚ್ಚಾಗಿ ಲಿನಕ್ಸ್‌ನಲ್ಲೇ ನಡೆಯುವುದು. ಲಿನಕ್ಸ್ ಕಂಡು ಬೆದರದ ಮಕ್ಕಳು ಅರ್ಧ ದಾರಿ ಮೊದಲೇ ಬಂದಿರುತ್ತಾರೆ.

ಪ್ಲಸ್ ಟುನಲ್ಲಿ ಭೌತಶಾಸ್ತ್ರ, ಗಣಿತ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಪೊವ್ವಲಿನ ಎಲ್‌ಬಿಎಸ್ ಕಾಲೇಜು ಹತ್ತಿರದಲ್ಲೇ ಇದೆ, ಮಂಗಳೂರು ಕಡೆ ಇನ್ನೂ ಹಲವು. ಕಾಲೇಜು ಸೇರುವವರೆಗೆ ಕಾಯಬೇಕಾಗಿಲ್ಲ. ಸರ್ಕ್ಯೂಟ್ ಬರೆಯಲೆಂದೇ ಇರುವ ವೆರಿಲಾಗ್ ಅನ್ನುವ ಭಾಷೆಯಲ್ಲಿ ಒಂದು ಸಣ್ಣ ಕೂಡುವ ಸರ್ಕ್ಯೂಟ್ ಬರೆಯಿರಿ, ಇಕಾರಸ್ ವೆರಿಲಾಗ್ ಅನ್ನುವ ಉಚಿತ ಉಪಕರಣದಲ್ಲಿ ಓಡಿಸಿ, ಜಿಟಿಕೆ ವೇವ್‌ನಲ್ಲಿ ಗೆರೆಗಳು ಏರಿಳಿಯುವುದನ್ನು ನೋಡಿ. ಒಂದು ಬಿಟ್ ಕೂಡಿಸಲು ಬಂದರೆ ಎಂಟು ಬಿಟ್ ಬರುತ್ತದೆ. ಅಲ್ಲಿಂದ ಒಂದು ಪುಟ್ಟ ರಿಸ್ಕ್-ಫೈವ್ ಪ್ರೊಸೆಸರಿನವರೆಗೆ ಹೋಗಲು ಬೇಕಾದ್ದು ತಾಳ್ಮೆ. ದುಬಾರಿ ಉಪಕರಣಗಳನ್ನು ಕಾಲೇಜುಗಳಿಗೆ ಒದಗಿಸಲು ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ ಚಿಪ್‌ಇನ್ ಕೇಂದ್ರ ಇದೆ. ನಿಮ್ಮ ಕಾಲೇಜು ಅದರಲ್ಲಿ ಸೇರಿದೆಯಾ ಅಂತ ಅಧ್ಯಾಪಕರನ್ನು ಕೇಳಿ.

ಒಂದು ಮಾತು. ಈ ಕೆಲಸದಲ್ಲಿ ಹೆಚ್ಚು ಜನ ಬೇಕಾಗಿರುವುದು ಹೊಸ ಚಿಪ್ ಕಲ್ಪಿಸಲು ಅಲ್ಲ, ಮಾಡಿದ ವಿನ್ಯಾಸ ಸರಿಯಾಗಿದೆಯಾ ಅಂತ ಪರೀಕ್ಷಿಸಲು. ಅದು ಬೇಸರದ ಕೆಲಸ ಅಂತ ಹೇಳಿ ಯಾರಾದರೂ ಹೆದರಿಸಿದರೆ ನಂಬಬೇಡಿ. ತಪ್ಪು ಹುಡುಕುವ ಚಟ ಇದ್ದವರಿಗೆ ಅದು ಹೇಳಿಮಾಡಿಸಿದ್ದು.

ಕ್ವಾಂಟಮ್ ಕಂಪ್ಯೂಟರ್ ಬಂದರೆ ಇದೆಲ್ಲ ಮೂಲೆಗೆ ಸೇರುತ್ತದಾ?

ಇಲ್ಲ. ಅದು ಕೆಲವೇ ಬಗೆಯ ಲೆಕ್ಕಗಳಿಗೆ. ಅದನ್ನು ನಡೆಸಲು ಕೂಡ ಪಕ್ಕದಲ್ಲಿ ಮಾಮೂಲಿ ಕಂಪ್ಯೂಟರ್ ಬೇಕು.

ಮಧ್ಯಾಹ್ನ ಲ್ಯಾಪ್‌ಟಾಪ್ ತುಂಬ ನಿಧಾನ, ರಾತ್ರಿ ಪರವಾಗಿಲ್ಲ. ಚಿಪ್ ಹಾಳಾಗಿದೆಯಾ?

ಹಾಳಾಗಿಲ್ಲ, ಸೆಕೆಗೆ ಹೆದರಿದೆ. ಏಪ್ರಿಲಿನಲ್ಲಿ ಶೀಟಿನ ಮಾಡಿನ ಕೋಣೆಯಲ್ಲಿ ಕೂತರೆ ಗಾಳಿಯೇ ಬಿಸಿ. ಒಳಗಿನ ಚಿಪ್ 100 ಡಿಗ್ರಿ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದು ದೋಷವಲ್ಲ, ಬದುಕಿಕೊಳ್ಳುವ ಉಪಾಯ.

ಹಿಂದಿನ ಮುಚ್ಚಳ ಬಿಚ್ಚಿದರೆ ಹೆಚ್ಚಿನ ಸಲ ಒಂದೇ ನೋಟ. ಫ್ಯಾನಿನ ಬಾಯಿಗೆ ಕಂಬಳಿಯ ಹಾಗೆ ಧೂಳು ಮೆತ್ತಿರುತ್ತದೆ, ತಾಮ್ರದ ಕೊಳವೆಯ ಮೇಲೆ ಹಸಿರು ಕಲೆ, ಮೂಲೆಯಲ್ಲಿ ಇರುವೆ ಗೂಡು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚಿದ ಬೂದು ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಧೂಳು ತೆಗೆದು ಪೇಸ್ಟ್ ಹೊಸದು ಹಚ್ಚಿದರೆ ಹಳೆ ಯಂತ್ರವೂ ಚುರುಕಾಗುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಬೇಡಿ, ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಡಬೇಡಿ. ಆಗಾಗ ಚಾಲು ಮಾಡಿದರೆ ಅದರ ಬಿಸಿಗೇ ತೇವ ಆರುತ್ತದೆ. ಬಿಸಿಯಿಂದ ಒಂದು ಉಪಕಾರವೂ ಇದೆ ಅಂತಾಯಿತು.

ಪೂರ್ತಿ ಕೆಟ್ಟುಹೋದದ್ದನ್ನು ಏನು ಮಾಡುವುದು?

ಸುಡಬೇಡಿ, ತೋಡಿಗೆ ಎಸೆಯಬೇಡಿ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ತೆಗೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಉಬ್ಬಿದ ಬ್ಯಾಟರಿ ಇದ್ದರೆ ಒತ್ತಬೇಡಿ, ಚುಚ್ಚಬೇಡಿ, ಬಿಚ್ಚಲು ಗೊತ್ತಿದ್ದವರಿಂದ ತೆಗೆಸಿ. ಉಳಿದದ್ದನ್ನು ಇ-ತ್ಯಾಜ್ಯ ಅಂತ ಹೇಳಿ ಹರಿತ ಕರ್ಮ ಸೇನೆಯವರಿಗೆ ಕೊಡಿ. ಯಾವ ದಿನ ತೆಗೆದುಕೊಳ್ಳುತ್ತಾರೆ ಅಂತ ಪಂಚಾಯತಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.